ಗಿನಿ ಹುಲ್ಲಿನ ಬೇರಿನಲ್ಲಿ ವ್ಯಾಮ್ ಬೆಳೆಸುವ ಕ್ರಮ: ಮಲೆನಾಡಿನ ಹೈನುಗಾರರಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಸು ಸಾಕುವವರಲ್ಲಿ ಅನೇಕರು ಈಗ ಅಡಿಕೆ ತೋಟದ ಅಂಚಿಗೋ ಮನೆ ಹಿಂದಿನ ಬ್ಯಾಣದ (ಹುಲ್ಲುಗಾವಲಿನ) ಒಂದು ಮೂಲೆಗೋ ಗಿನಿ ಹುಲ್ಲನ್ನು ಇಲ್ಲವೇ ಹೈಬ್ರಿಡ್ ನೇಪಿಯರನ್ನು ನೆಟ್ಟುಕೊಂಡಿದ್ದಾರೆ. ಮೊದಲ ವರ್ಷ ಎದೆಯೆತ್ತರಕ್ಕೆ ಬಂದ ಹುಲ್ಲು ಮೂರನೆಯ ವರ್ಷದ ಹೊತ್ತಿಗೆ ಸೊರಗಿ ಎಲೆಯ ತುದಿ ನೇರಳೆ ಬಣ್ಣಕ್ಕೆ ತಿರುಗುವುದನ್ನೂ, ಆಗ ಗೊಬ್ಬರದ ಚೀಲದ ಕಡೆಗೆ ಕೈ ಹೋಗುವುದನ್ನೂ ನಾನು ನಮ್ಮ ಮನೆಯಲ್ಲೂ ನೆರೆಮನೆಗಳಲ್ಲೂ ಕಂಡಿದ್ದೇನೆ. ಹೀಗಾಗಲು ಕಾರಣ ಒಂದೇ ಅಲ್ಲ. ಆದರೆ ನಮ್ಮ ಮಣ್ಣಿಗೆ ಸಂಬಂಧಿಸಿದ ಮುಖ್ಯ ಕಾರಣವೊಂದಿದೆ, ಮತ್ತು ಅದಕ್ಕೆ ಹುಲ್ಲಿನ ಬೇರಿನೊಳಗೇ ವಾಸಿಸುವ ವ್ಯಾಮ್ ಎಂಬ ಶಿಲೀಂಧ್ರವೊಂದು ದೊಡ್ಡ ಮಟ್ಟಿಗೆ ಪರಿಹಾರ ಒದಗಿಸಬಲ್ಲದು. ಆ ಶಿಲೀಂಧ್ರವನ್ನು ಮನೆಯಲ್ಲೇ ಬೆಳೆಸಿ, ಮೃಗಶಿರಾ ಮಳೆಗೆ ಹುಲ್ಲು ನೆಡುವಾಗ ಬಳಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಮಣ್ಣಿನ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾದರೂ ಸಾವಿರಾರು ವರ್ಷಗಳ ಈ ತೊಳೆತದಿಂದ ಸುಣ್ಣದ ಅಂಶ ಇಳಿದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿರುವ ಹುಳಿ ಮಣ್ಣು ಉಳಿದಿದೆ. ಜಂಬಿಟ್ಟಿಗೆಯ ಕೆಂಪು ಬಣ್ಣಕ್ಕೆ ಆ ಕಬ್ಬಿಣವೇ ಕಾರಣ. ಇಂತಹ ಮಣ್ಣಿಗೆ ರಂಜಕವನ್ನು ಕೊಟ್ಟರೆ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸಾರಜನಕದಂತೆ ರಂಜಕವು ನೀರಿನೊಡನೆ ಸರಾಗವಾಗಿ ಹರಿದು ಬೇರಿಗೆ ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ಜಾಗದ ರಂಜಕವನ್ನು ಹೀರಿ ಮುಗಿಸಿದ ಮೇಲೆ ಪಕ್ಕದಲ್ಲೇ ರಂಜಕವಿದ್ದರೂ ಅದಕ್ಕೆ ಎಟುಕುವುದಿಲ್ಲ.

ಅಲ್ಲಿಗೆ ಕೈ ಚಾಚುವುದು ಶಿಲೀಂಧ್ರದ ಎಳೆ. ಕೃಷಿ ಇಲಾಖೆಯವರ ಬಾಯಲ್ಲಿ ವ್ಯಾಮ್ ಎಂದು ಬಳಕೆಯಲ್ಲಿರುವ ಈ ಶಿಲೀಂಧ್ರಗಳು ಬೇರಿನ ಕೋಶಗಳ ಒಳಹೊಕ್ಕು ನೆಲೆಸುತ್ತವೆ, ಮತ್ತು ಅಲ್ಲಿಂದ ಕೂದಲಿಗಿಂತಲೂ ಸಣ್ಣನೆಯ ಎಳೆಗಳನ್ನು ಹಲವು ಸೆಂಟಿಮೀಟರ್ ದೂರದವರೆಗೆ ಮಣ್ಣಿಗೆ ಹರಡುತ್ತವೆ. ಬೇರು ತೂರಲಾರದ ಸಂದಿಗಳಿಂದಲೂ ಆ ಎಳೆಗಳು ರಂಜಕ, ಸತು ಮತ್ತು ತಾಮ್ರವನ್ನು ಹೀರಿ ತಂದು ಬೇರಿಗೆ ಒಪ್ಪಿಸುತ್ತವೆ. ಬದಲಿಗೆ ಹುಲ್ಲು ತಾನು ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಒಂದು ಪಾಲನ್ನು, ಕೆಲವು ಸಲ ಐದನೆಯ ಒಂದರಷ್ಟನ್ನು, ಶಿಲೀಂಧ್ರಕ್ಕೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ 40 ಕೋಟಿ ವರ್ಷಗಳಷ್ಟು ಹಿಂದಿನ ಸಸ್ಯಗಳ ಪಳೆಯುಳಿಕೆಗಳಲ್ಲೂ ಇದೇ ಬಗೆಯ ಶಿಲೀಂಧ್ರದ ರಚನೆಗಳು ಕಾಣಿಸಿವೆ.

ಬೆಳೆಯ ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಶಿಲೀಂಧ್ರವನ್ನು ಬೆಳೆಸಿದಂತೆ ವ್ಯಾಮನ್ನು ಬರಿಯ ಅಕ್ಕಿ ತೌಡಿನ ಮೇಲೆಯೋ ಸಗಣಿ ಗೊಬ್ಬರದ ಮೇಲೆಯೋ ಬೆಳೆಸಲು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಜೀವಂತ ಬೇರಿಲ್ಲದೆ ಅದು ತನ್ನ ಬದುಕನ್ನು ಪೂರೈಸಲಾರದು. ಆದ್ದರಿಂದ ವ್ಯಾಮ್ ಬೆಳೆಸುವುದೆಂದರೆ ಅದಕ್ಕೆ ಒಗ್ಗುವ ಗಿಡವೊಂದನ್ನು ಬೆಳೆಸಿ, ಅದರ ಬೇರಿನಲ್ಲಿ ಶಿಲೀಂಧ್ರವನ್ನು ಹೆಚ್ಚಿಸಿ, ಆ ಬೇರನ್ನೂ ಮಣ್ಣನ್ನೂ ಒಟ್ಟಿಗೆ ತೆಗೆದು ಬಳಸುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ತಕ್ಕ ಗಿಡವೆಂದು ಗಿನಿ ಹುಲ್ಲನ್ನು ಗುರುತಿಸಿದ್ದರು. ಅಮೆರಿಕದಲ್ಲಿ ರೈತರ ಹೊಲದಲ್ಲೇ ಇದನ್ನು ಬೆಳೆಸುವ ಕ್ರಮ ರೂಪಿಸಿದವರು ಬಹಿಯಾ ಹುಲ್ಲನ್ನು ಬಳಸಿದರು. ಉಷ್ಣವಲಯದ ಹುಲ್ಲುಗಳಿಗೆ ಇರುವ ಒತ್ತಾದ, ಬೇಗ ಹಬ್ಬುವ ಬೇರಿನ ಜಾಲವೇ ಈ ಆಯ್ಕೆಗೆ ಕಾರಣ. ನಮಗಂತೂ ಗಿನಿ ಹುಲ್ಲು ಮನೆಯಂಗಳದ ವಸ್ತು.

ಕೆಲಸವನ್ನು ಜನವರಿಯಲ್ಲೇ ಆರಂಭಿಸಬೇಕು. ಮಳೆಗಾಲದ ಆರಂಭಕ್ಕೆ ಈ ಬೇರು ಮಣ್ಣಿನ ಸರಕು ಸಿದ್ಧವಿರಬೇಕಾದರೆ ಮಾರ್ಚ್ ಮೊದಲ ವಾರದಲ್ಲಿ ಹುಲ್ಲಿನ ಸಸಿ ನೆಟ್ಟಿರಬೇಕು, ಅಷ್ಟರೊಳಗೆ ಮಣ್ಣು ಹದಗೊಂಡಿರಬೇಕು. ಸಾಮಾನ್ಯವಾಗಿ ಇದಕ್ಕೆ ಗುಂಡಿ ತೋಡುವಂತೆ ಹೇಳುತ್ತಾರೆ. ಆದರೆ ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಒಂದೇ ಸಂಜೆಗೆ ಗುಂಡಿಯನ್ನು ತುಂಬಿಸಿಬಿಡುತ್ತದೆ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಈ ಶಿಲೀಂಧ್ರ ಹೆಚ್ಚುವುದಿಲ್ಲ. ನನ್ನ ಅನುಭವದಲ್ಲಿ ನೆಲದ ಮೇಲೆ ಜಂಬಿಟ್ಟಿಗೆ ಕಲ್ಲುಗಳನ್ನು ಜೋಡಿಸಿ, ಒಳಗಡೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಬರುವಂತೆ, ಸುಮಾರು 25 ಸೆಂ.ಮೀ. ಎತ್ತರದ ಕಟ್ಟೆ ಮಾಡುವುದೇ ಮೇಲು. ನೆಲದ ಮಣ್ಣಿನಿಂದ ರೋಗ ಮೇಲೇರದಂತೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಬಸಿಯಲು ಅದಕ್ಕೆ ಅಲ್ಲಲ್ಲಿ ತೂತು ಮಾಡಬೇಕು. ಜಾಗಕ್ಕೆ ದಿನವಿಡೀ ಬಿಸಿಲು ಬೇಕು, ಏಕೆಂದರೆ ನೆರಳಿನಲ್ಲಿ ಬೆಳೆದ ಹುಲ್ಲಿನ ಬಳಿ ಶಿಲೀಂಧ್ರಕ್ಕೆ ಕೊಡುವಷ್ಟು ಆಹಾರ ಉಳಿಯುವುದಿಲ್ಲ. ಅಡಿಕೆ ಮರದ ಕೆಳಗಂತೂ ಬೇಡ. ಕೊಳೆರೋಗಕ್ಕೆ ವರ್ಷವೂ ತಾಮ್ರವಿರುವ ಬೋರ್ಡೋ ದ್ರಾವಣ ಹೊಡೆದು ಹೊಡೆದು ತೋಟದ ಮೇಲ್ಮಣ್ಣಿನಲ್ಲಿ ತಾಮ್ರ ಶೇಖರವಾಗಿರುತ್ತದೆ. ಅಲ್ಪ ತಾಮ್ರ ಎಲ್ಲ ಜೀವಕ್ಕೂ ಬೇಕಾದರೂ ಇಷ್ಟು ತಾಮ್ರ ವ್ಯಾಮ್‌ಗೆ ವಿಷ.

ಕಟ್ಟೆಗೆ ತುಂಬುವ ಮಣ್ಣು ಬಡವಾಗಿರಬೇಕು. ಈ ಮಾತು ರೈತರಿಗೆ ಒಪ್ಪಿಗೆಯಾಗುವುದು ಕಷ್ಟ, ನನಗೂ ಕಷ್ಟವಾಗಿತ್ತು. ಗೊಬ್ಬರ ತಿಂದ ಹಿತ್ತಲ ಮಣ್ಣನ್ನು ಬಿಟ್ಟು, ಧರೆಯ ಬದಿಯ ಸಾರವಿಲ್ಲದ ಕೆಂಪು ಮಣ್ಣನ್ನು ಜರಡಿ ಹಿಡಿದು, ಅಷ್ಟೇ ಹೊಳೆ ಮರಳಿನೊಡನೆ ಬೆರೆಸಬೇಕು. ಇಪ್ಪತ್ತು ಸೆಂ.ಮೀ. ದಪ್ಪಕ್ಕೆ ತುಂಬಲು ಹದಿಮೂರು ಹದಿನಾಲ್ಕು ಬಾಂಡ್ಲಿಯಷ್ಟು ಮಿಶ್ರಣ ಸಾಕು. ಇದರಲ್ಲಿರುವ ಇತರ ಶಿಲೀಂಧ್ರ, ಜಂತುಹುಳು ಮತ್ತು ಕಳೆಬೀಜಗಳನ್ನು ಕೊಲ್ಲಲು ಹಬೆ ಕೊಡಬೇಕು. ಅಡಿಕೆ ಕೊಯ್ಲು ಮುಗಿದ ಮೇಲೆ ಬೇಯಿಸುವ ಒಲೆ ಖಾಲಿ ಇರುತ್ತದೆ. ಹಳೆಯ ಡ್ರಮ್ಮೊಂದರ ತಳದಲ್ಲಿ ನೀರು ಹಾಕಿ, ಅದರ ಮೇಲೆ ಕಲ್ಲಿನ ಆಧಾರ ಕೊಟ್ಟು ತೂತಿನ ತಗಡು ಇಟ್ಟು, ಒದ್ದೆ ಮಾಡಿದ ಮಿಶ್ರಣವನ್ನು ತುಂಬಿ ಗೋಣಿ ಮುಚ್ಚಿ, ಹಬೆ ಮೇಲಿನವರೆಗೆ ಬಂದ ಬಳಿಕ ಒಂದು ಗಂಟೆ ಉರಿ ನಿಲ್ಲಿಸದೆ ಬೇಯಿಸಬೇಕು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಎರಡು ಮೂರು ಸಲ ಮಾಡಬೇಕಾಗುತ್ತದೆ. ಬೆಂದ ಮಣ್ಣನ್ನು ಕೂಡಲೇ ಬಳಸಬಾರದು. ಹುಳಿ ಮಣ್ಣಿಗೆ ಹಬೆ ಕೊಟ್ಟಾಗ ಮ್ಯಾಂಗನೀಸ್ ಬಿಡುಗಡೆಯಾಗಿ ಎಳೆಯ ಬೇರಿಗೆ ತೊಂದರೆ ಕೊಡುವುದರಿಂದ, ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿ ಎರಡು ವಾರ ಬಿಡಬೇಕು. ಬೇಯಿಸಲು ಸಾಧ್ಯವಾಗದವರು ಒದ್ದೆ ಮಿಶ್ರಣವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಡಿ ತೆಳುವಾಗಿ ಹರವಿ ಅಂಚು ಮುಚ್ಚಿ, ನಲವತ್ತು ದಿನ ಬಿಸಿಲಿಗೆ ಬಿಡಬಹುದು, ಆದರೆ ಅದು ಹಬೆಯಷ್ಟು ಪರಿಣಾಮಕಾರಿಯಲ್ಲ.

ಮಣ್ಣು ಹದಗೊಳ್ಳುವ ಈ ಅವಧಿಯಲ್ಲೇ ಗಿನಿ ಹುಲ್ಲಿನ ಬೀಜವನ್ನು ಬೆಂದ ಮರಳಿನ ಟ್ರೇಯಲ್ಲಿ ಚೆಲ್ಲಿ ಸಸಿ ಮಾಡಿಕೊಳ್ಳಬೇಕು. ಬೀಜ ಸಿಗದಿದ್ದರೆ ಮೆಕ್ಕೆಜೋಳವನ್ನು ನೇರವಾಗಿ ಕಟ್ಟೆಯಲ್ಲೇ ಬಿತ್ತಬಹುದು. ಹಳೆಯ ಬುಡದಿಂದ ಕಿತ್ತ ಬೇರುಸಸಿಯನ್ನು ಕಟ್ಟೆಗೆ ನೆಡುವುದು ಬೇಡ, ಏಕೆಂದರೆ ಆ ಬೇರಿನ ಜೊತೆ ಏನೇನು ಬಂದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಮೂಲ ಹೆಪ್ಪು, ಅಂದರೆ ಆರಂಭಕ್ಕೆ ಬೇಕಾದ ವ್ಯಾಮ್ ಇರುವ ಮಣ್ಣು. ಕೃಷಿ ವಿಶ್ವವಿದ್ಯಾಲಯಗಳ ಸೂಕ್ಷ್ಮಜೀವಿ ವಿಭಾಗಗಳಲ್ಲಿ ವಿಚಾರಿಸಿ ಎರಡು ಮೂರು ಕಿಲೋ ತರುವುದು ಸುಲಭದ ದಾರಿ. ಶಿವಮೊಗ್ಗ ಜಿಲ್ಲೆಯವರಿಗೆ ನವಿಲೆ ಮತ್ತು ಇರುವಕ್ಕಿಯ ಆವರಣಗಳು ಹತ್ತಿರ. ಅಂಗಡಿಯ ಪ್ಯಾಕೆಟ್ ಕೊಳ್ಳುವವರು ಅವಧಿಯ ದಿನಾಂಕವನ್ನೂ, ಗ್ರಾಂಗೆ ಕನಿಷ್ಠ 100 ಜೀವಂತ ಘಟಕಗಳಿವೆ ಎಂಬ ನಮೂದನ್ನೂ ನೋಡಬೇಕು. ಬಿಸಿಲು ಬೀಳುವ ಕಪಾಟಿನಲ್ಲಿಟ್ಟ ಪ್ಯಾಕೆಟ್ಟನ್ನು ತರಬಾರದು. ಎರಡನೆಯ ದಾರಿ, ನನಗೆ ಹೆಚ್ಚು ಪ್ರಿಯವಾದದ್ದು, ನಮ್ಮದೇ ಬ್ಯಾಣದಿಂದ ಹೆಪ್ಪು ತೆಗೆಯುವುದು. ಹಲವು ವರ್ಷ ಅಗೆಯದ, ಗೊಬ್ಬರ ಕಾಣದ ಬ್ಯಾಣದಲ್ಲಿ ಚೆನ್ನಾಗಿ ಬೆಳೆದ ಹುಲ್ಲಿನ ಬುಡವನ್ನು ಮಳೆ ನಿಂತು ಹುಲ್ಲು ಒಣಗತೊಡಗುವ ನವೆಂಬರ್, ಡಿಸೆಂಬರಿನಲ್ಲಿ ಗುರುತಿಸಿ, ಮೇಲಿನ ದರಕನ್ನು (ಒಣ ಎಲೆಯನ್ನು) ಸರಿಸಿ, ಐದರಿಂದ ಹದಿನೈದು ಸೆಂ.ಮೀ. ಆಳದ ಸಣ್ಣ ಬೇರನ್ನು ಮಣ್ಣಿನ ಸಮೇತ ತೆಗೆಯಬೇಕು. ಅಂತಹ ಶಿಲೀಂಧ್ರ ನಮ್ಮ ಹುಳಿ ಮಣ್ಣಿಗೂ ನಮ್ಮ ಮಳೆಗೂ ಒಗ್ಗಿಕೊಂಡದ್ದು. ಆದರೆ ಶುಂಠಿ ಬೆಳೆದ ಜಾಗದ ಮಣ್ಣನ್ನಾಗಲಿ, ಅಣಬೆ ರೋಗ ಬಂದ ಅಡಿಕೆ ಮರದ ಆಸುಪಾಸಿನ ಮಣ್ಣನ್ನಾಗಲಿ ಎಂದೂ ಮುಟ್ಟಬಾರದು. ಒಂದು ಬುಟ್ಟಿ ಮಣ್ಣಿನ ಜೊತೆ ಬೇರು, ಗೆಡ್ಡೆ ಕೊಳೆಸುವ ರೋಗವನ್ನೂ ಮನೆಗೆ ಹೊತ್ತು ತಂದಂತಾಗುತ್ತದೆ.

ಕಟ್ಟೆಯಲ್ಲಿ ಮಿಶ್ರಣ ತುಂಬಿ, ಮೇಲಿನ ನಾಲ್ಕೈದು ಸೆಂ.ಮೀ. ಬಾಕಿ ಇರುವಾಗ ಹೆಪ್ಪನ್ನು ಸಮನಾದ ಒಂದು ಪದರವಾಗಿ ಹರವಿ, ಉಳಿದ ಮಿಶ್ರಣವನ್ನು ಅದರ ಮೇಲೆ ಮುಚ್ಚಬೇಕು. ಸಸಿಯ ಬೇರು ಕೆಳಗಿಳಿಯುವಾಗ ಆ ಪದರವನ್ನು ದಾಟಿಯೇ ಹೋಗಬೇಕು ಎಂಬುದು ಇದರ ಉದ್ದೇಶ. ಇಪ್ಪತ್ತು ಸೆಂ.ಮೀ. ಅಂತರಕ್ಕೆ ಒಂದರಂತೆ ಇಪ್ಪತ್ತೈದು ಸಸಿ ನೆಟ್ಟು, ದಿನಕ್ಕೊಮ್ಮೆ ಹದವಾಗಿ ನೀರು ಕೊಡಬೇಕು. ಮೂವತ್ತನೆಯ ಮತ್ತು ನಲವತ್ತೈದನೆಯ ದಿನ ಹತ್ತು ಹತ್ತು ಗ್ರಾಂ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಇಡೀ ಕಟ್ಟೆಗೆ ಕೊಟ್ಟರೆ ಸಾರಜನಕ ಸಾಕಾಗುತ್ತದೆ. ರಂಜಕದ ಗೊಬ್ಬರ ಕೊಡಬಾರದು.

ಈ ಕೊನೆಯ ಮಾತನ್ನು ನಾನು ಕೈಯಾರೆ ಕಲಿತೆ. ಮೊದಲ ವರ್ಷದ ಕಟ್ಟೆಯಲ್ಲಿ ಹುಲ್ಲು ಮಂಕಾಗಿ ಕಂಡಿತೆಂದು ಎರಡು ಹಿಡಿ ಸೂಪರ್ ಫಾಸ್ಫೇಟ್ ಎರಚಿದೆ. ಹದಿನೈದು ದಿನದಲ್ಲಿ ಹುಲ್ಲು ಕಪ್ಪು ಹಸಿರಾಗಿ ಎದ್ದಿತು, ಮನೆಯವರೆಲ್ಲ ಸಂತೋಷಪಟ್ಟರು. ಮೇ ತಿಂಗಳಲ್ಲಿ ಅದರ ಬೇರನ್ನೂ, ಏನೂ ಹಾಕದ ಬ್ಯಾಣದ ಹುಲ್ಲಿನ ಬೇರನ್ನೂ ಕಾಲೇಜೊಂದರ ಸಸ್ಯಶಾಸ್ತ್ರದ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿನ ಅಧ್ಯಾಪಕರು ಬೇರುಗಳನ್ನು ತೊಳೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹತ್ತು ಶೇಕಡಾ ದ್ರಾವಣದಲ್ಲಿ ಕುದಿಸಿ ಬಣ್ಣ ಹೋಗಲಾಡಿಸಿದರು; ಆಮೇಲೆ ಅಡುಗೆಯ ವಿನೆಗರಿಗೆ ಶೇಕಡಾ ಐದರಷ್ಟು ಪೆನ್ನಿನ ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿ, ನೀರಿನಲ್ಲಿ ತೊಳೆದರು. ಸೂಕ್ಷ್ಮದರ್ಶಕದ ಕೆಳಗೆ ಬ್ಯಾಣದ ಹುಲ್ಲಿನ ಬೇರು ಗಾಜಿನ ಕೊಳವೆಯಂತೆ ತಿಳಿಯಾಗಿತ್ತು, ಅದರೊಳಗೆ ಉದ್ದಕ್ಕೂ ಕಡುನೀಲಿ ಎಳೆಗಳು ಓಡಿದ್ದವು. ಎಳೆ ಕೋಶವೊಂದನ್ನು ಹೊಕ್ಕಲ್ಲೆಲ್ಲ ಕೊಂಬೆ ಕವಲೊಡೆದು ಪುಟ್ಟ ಮರದಂತೆ ಹರಡಿಕೊಂಡಿತ್ತು. ಆ ಪುಟ್ಟ ಮರದಲ್ಲೇ ರಂಜಕವೂ ಸಕ್ಕರೆಯೂ ಕೈ ಬದಲಾಯಿಸುತ್ತವೆ, ಕೆಲವೇ ದಿನ ಬಾಳಿ ಅದು ಕುಸಿಯುತ್ತದೆ, ಪಕ್ಕದ ಕೋಶದಲ್ಲಿ ಇನ್ನೊಂದು ಹುಟ್ಟುತ್ತದೆ. ಅಲ್ಲಲ್ಲಿ ಎಣ್ಣೆ ತುಂಬಿದ ದುಂಡನೆಯ ಚೀಲಗಳೂ ಇದ್ದವು. ನನ್ನ ಕಟ್ಟೆಯ ಸೊಂಪಾದ ಹುಲ್ಲಿನ ಬೇರು ಮಾತ್ರ ಹೆಚ್ಚು ಕಡಿಮೆ ಖಾಲಿಯಾಗಿತ್ತು. ರಂಜಕ ಸುಲಭವಾಗಿ ಸಿಗುವಾಗ ಹುಲ್ಲು ಶಿಲೀಂಧ್ರಕ್ಕೆ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ. ಅನುಕೂಲವಿದ್ದವರು ಈ ಪರೀಕ್ಷೆಯನ್ನು ಅರವತ್ತನೆಯ ದಿನದ ಸುಮಾರಿಗೆ ಮಾಡಿಸಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ. ಕುದಿಯುವ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಇದನ್ನು ಮನೆಯಲ್ಲಿ ಮಾಡದೆ, ಪ್ರಯೋಗಾಲಯದಲ್ಲಿ ಬಲ್ಲವರಿಂದಲೇ ಮಾಡಿಸಬೇಕು.

ಮೇ ಮೂರನೆಯ ವಾರಕ್ಕೆ ನೀರು ನಿಲ್ಲಿಸಿ, ಗುಡುಗು ಮಳೆ ಬೀಳದಂತೆ ಕಟ್ಟೆಗೆ ಮೇಲೊಂದು ಹೊದಿಕೆ ಕಟ್ಟಬೇಕು. ಗಿಡ ಬಾಡತೊಡಗಿದಾಗ ಶಿಲೀಂಧ್ರವು ಮುಂದಿನ ಕಾಲಕ್ಕೆಂದು ಬೀಜಕಗಳನ್ನು ಕಟ್ಟಿಕೊಳ್ಳುತ್ತದೆ. ಹತ್ತು ದಿನದ ಬಳಿಕ ಹುಲ್ಲನ್ನು ಬುಡಕ್ಕೆ ಕೊಯ್ದು ಹಸುವಿಗೆ ಹಾಕಿ, ಬೇರನ್ನು ಮಣ್ಣಿನ ಸಮೇತ ಅಗೆದು, ಒಂದೆರಡು ಸೆಂ.ಮೀ. ತುಂಡುಗಳಾಗಿ ಕೊಚ್ಚಿ ಮಣ್ಣಿನಲ್ಲೇ ಬೆರೆಸಬೇಕು. ನೆರಳಿನಲ್ಲಿ ಒಂದು ದಿನ ಆರಿಸಿ ಗೋಣಿಚೀಲಕ್ಕೆ ತುಂಬಿ ತಂಪಾದ ಮೂಲೆಯಲ್ಲಿಟ್ಟರೆ ಸರಕು ಸಿದ್ಧ. ಒಂದು ಕಟ್ಟೆಯಿಂದ ಸುಮಾರು 250 ಕೆ.ಜಿ. ಸಿಗುತ್ತದೆ.

ನೆಡುವಾಗ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಬುಡದಿಂದ ಬುಡಕ್ಕೆ 30 ಸೆಂ.ಮೀ. ಅಂತರ ಕೊಟ್ಟರೆ ಒಂದು ಗುಂಟೆಗೆ ಸುಮಾರು 560 ಬೇರುಸಸಿ ಬೇಕಾಗುತ್ತವೆ. ಪ್ರತಿಯೊಂದಕ್ಕೂ ಒಂದು ಹಿಡಿ, ಅಂದರೆ 50 ಗ್ರಾಂ ಸರಕನ್ನು ಕುಳಿಯ ತಳಕ್ಕೆ ಹಾಕಿ, ಅದರ ಮೇಲೆ ಬೇರು ತಾಗುವಂತೆ ಸಸಿ ಇಟ್ಟು ಮಣ್ಣು ಒತ್ತಬೇಕು. ಈ ಲೆಕ್ಕದಲ್ಲಿ ಗುಂಟೆಗೆ 28 ಕೆ.ಜಿ. ಬೇಕು, ಒಂದು ಕಟ್ಟೆಯ ಸರಕು ಎಂಟೊಂಬತ್ತು ಗುಂಟೆಗೆ ಸಾಕು. ಗೊಬ್ಬರ ಎರಚಿದಂತೆ ನೆಲದ ಮೇಲೆ ಎರಚಿದರೆ ಪ್ರಯೋಜನವಿಲ್ಲ. ಬಿಸಿಲಿಗೂ ಮಳೆಗೂ ಸಿಕ್ಕಿ ಬೇರು ಮುಟ್ಟುವ ಮೊದಲೇ ಅದು ಹಾಳಾಗುತ್ತದೆ. ಬೇರುಸಸಿಯನ್ನು ನೆಡುವ ಮೊದಲು ಕಾರ್ಬೆಂಡಜಿಂ ದ್ರಾವಣದಲ್ಲಿ ಅದ್ದುವ ರೂಢಿ ಕೆಲವರಲ್ಲಿದೆ, ಅದನ್ನು ಇಲ್ಲಿ ಕಡ್ಡಾಯವಾಗಿ ಬಿಡಬೇಕು, ಏಕೆಂದರೆ ಆ ಔಷಧಿ ರೋಗದ ಶಿಲೀಂಧ್ರವನ್ನು ತಡೆಯುವಂತೆ ವ್ಯಾಮನ್ನೂ ತಡೆಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಅಡ್ಡಿಯಿಲ್ಲ. ರಂಜಕ ಬೇಕೇ ಬೇಕೆಂದು ಮಣ್ಣಿನ ಪರೀಕ್ಷೆ ಹೇಳಿದರೆ, ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುವ ಶಿಲಾರಂಜಕವನ್ನು (ರಾಕ್ ಫಾಸ್ಫೇಟನ್ನು) ಕೊಡುವುದು ಉತ್ತಮ.

ನೆಟ್ಟ ಮೇಲಿನ ಪೋಷಣೆಯಲ್ಲಿ ಹೆಚ್ಚಿನ ತಪ್ಪು ಆಗುವುದು ಕೊಯ್ಲಿನಲ್ಲಿ. ಮೊದಲ ಕೊಯ್ಲನ್ನು ಎರಡು ಎರಡೂವರೆ ತಿಂಗಳಿಗೆ, ಮುಂದಿನವುಗಳನ್ನು ಮೂವತ್ತರಿಂದ ನಲವತ್ತೈದು ದಿನಕ್ಕೊಮ್ಮೆ ಮಾಡುವಾಗ ಹತ್ತು ಹದಿನೈದು ಸೆಂ.ಮೀ. ಬುಡ ಬಿಡಬೇಕು. ಕತ್ತಿಯನ್ನು ನೆಲಕ್ಕೆ ಒತ್ತಿ ಕೊಯ್ದರೆ ಹುಲ್ಲು ತನ್ನ ಚಿಗುರಿಗೇ ಆಹಾರ ಸಾಲದೆ ಬೇರಿಗೆ ಕಳುಹಿಸುವುದನ್ನು ನಿಲ್ಲಿಸುತ್ತದೆ, ಶಿಲೀಂಧ್ರ ಉಪವಾಸ ಬೀಳುತ್ತದೆ. ಸಾಲಿನ ನಡುವೆ ಬಸಿಗಾಲುವೆ ಇರಲಿ. ನಡುಬೆಳೆಯಾಗಿ ಅಲಸಂದೆ ಅಥವಾ ಸ್ಟೈಲೋ ಎಂಬ ಮೇವಿನ ಗಿಡ ಹಾಕಿದರೆ ಅವುಗಳ ಬೇರಿನಲ್ಲೂ ಇದೇ ಶಿಲೀಂಧ್ರ ನೆಲೆಸುತ್ತದೆ. ಸಾಸಿವೆ, ಮೂಲಂಗಿ, ಎಲೆಕೋಸಿನ ಜಾತಿಯ ಬೇರುಗಳು ಇದನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಅವು ಈ ಜಾಗಕ್ಕೆ ಹೊಂದುವ ಬೆಳೆಗಳಲ್ಲ.

ಹುಲ್ಲಿನ ಬೇರಿನಲ್ಲಿ ಮಾತ್ರವಲ್ಲ, ಎಲೆ ಕಾಂಡಗಳೊಳಗೂ ಯಾವ ರೋಗಲಕ್ಷಣವನ್ನೂ ತೋರಿಸದೆ ಬದುಕುವ ಶಿಲೀಂಧ್ರಗಳಿವೆ. ಕೇರಳದಲ್ಲಿ ಸಿಗ್ನಲ್ ಹುಲ್ಲೆಂದು ಬೆಳೆಯುವ ಬ್ರಾಕಿಯಾರಿಯಾದಲ್ಲಿ ಅಂತಹ ಒಂದನ್ನು ಕೊಲಂಬಿಯಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರದಲ್ಲಿ ಸೆಗನೆಟ್ ಕೆಲೆಮು ಮತ್ತು ಸಂಗಡಿಗರು ಗುರುತಿಸಿ 2001ರಲ್ಲಿ ವರದಿ ಮಾಡಿದರು. ಅದು ಒಳಗಿದ್ದ ಗಿಡಗಳಲ್ಲಿ ಎಲೆಚುಕ್ಕೆ ರೋಗ ಕಡಿಮೆಯಾಗಿತ್ತು. ಇವು ಬೀಜದ ಮೂಲಕವೂ ಬೇರುಸಸಿಯ ಮೂಲಕವೂ ಮುಂದಿನ ಗಿಡಕ್ಕೆ ದಾಟಬಲ್ಲವು. ಹೀಗಿರುವಾಗ ನೆಡುವ ಸಸಿಯನ್ನು ಎಲೆಚುಕ್ಕೆಯಿಲ್ಲದ, ಬೇಸಿಗೆಯಲ್ಲೂ ಹಸಿರು ಉಳಿಸಿಕೊಂಡ ಬುಡದಿಂದಲೇ ಆರಿಸುವುದು ನಾವು ಮಾಡಬಹುದಾದ ಕೆಲಸ. ಆದರೆ ಹುಲ್ಲಿನೊಳಗಿನ ಶಿಲೀಂಧ್ರಗಳೆಲ್ಲ ದನಕ್ಕೆ ಹಿತವೆಂದು ತಿಳಿಯಬಾರದು. ಅಮೆರಿಕದ ತಂಪು ಪ್ರದೇಶದ ಫೆಸ್ಕ್ಯೂ ಹುಲ್ಲು ತಿಂದ ದನಗಳ ಕಾಲಿನ ಗೊರಸು ಕೊಳೆಯಲು ಅದರೊಳಗಿನ ಶಿಲೀಂಧ್ರವೇ ಕಾರಣವೆಂಬ ಸುಳಿವು 1977ರಲ್ಲಿ ಸಿಕ್ಕಿತು. 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತಾಗ, ಹಾರಕದ ಪೈರನ್ನು ತಿಂದಿದ್ದ ಅವುಗಳ ಒಡಲಿನಲ್ಲಿ ಶಿಲೀಂಧ್ರ ಉಂಟುಮಾಡುವ ವಿಷ ಕಂಡುಬಂದಿತ್ತು. ವ್ಯಾಮ್ ಬೇರನ್ನು ಬಿಟ್ಟು ಎಲೆಗೆ ಏರುವುದಿಲ್ಲ, ಆದ್ದರಿಂದ ಮೇವಿನ ಮೂಲಕ ಅದು ಹಸುವಿನ ಹೊಟ್ಟೆ ಸೇರುವ ಭಯವಿಲ್ಲ. ಆದರೂ ತೆನೆಯಲ್ಲಿ ಜೇನಿನಂತಹ ಅಂಟು ಒಸರುವ, ಕಪ್ಪು ಕಾಳು ಕಟ್ಟಿದ ಅಥವಾ ಬೂಸಲು ಹಿಡಿದ ಹುಲ್ಲನ್ನು ಕೊಟ್ಟಿಗೆಗೆ ತರಬಾರದು.

ಫಲ ಎಷ್ಟೆಂದು ಮೊದಲೇ ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ವರ್ಷವೂ ಗೊಬ್ಬರ ಬಿದ್ದ ಜಾಗದಲ್ಲಿ ವ್ಯತ್ಯಾಸವೇ ಕಾಣದಿರಬಹುದು, ಸೊರಗಿದ ಬ್ಯಾಣದಲ್ಲಿ ಚೆನ್ನಾಗಿ ಕಾಣಬಹುದು. ಹಾಗಾಗಿ ನೆಡುವಾಗಲೇ ಒಂದು ಬದಿಯಲ್ಲಿ ಎರಡು ಸಾಲನ್ನು ವ್ಯಾಮ್ ಹಾಕದೆ, ಉಳಿದೆಲ್ಲವನ್ನೂ ಒಂದೇ ರೀತಿ ಮಾಡಿ ನೆಡಬೇಕು, ಮತ್ತು ಗೂಟ ಹೊಡೆದು ಗುರುತಿಡಬೇಕು. ಎರಡು ಮತ್ತು ಮೂರನೆಯ ಕೊಯ್ಲಿನಲ್ಲಿ ಆ ಎರಡು ಸಾಲಿನ ಹುಲ್ಲನ್ನೂ, ಅಷ್ಟೇ ಉದ್ದದ ಬೇರೆ ಎರಡು ಸಾಲಿನ ಹುಲ್ಲನ್ನೂ ಬೇರೆ ಬೇರೆಯಾಗಿ ಕಟ್ಟಿ ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿ ಬರೆದಿಡಬೇಕು. ಜೂನ್ ತಿಂಗಳಲ್ಲಿ ಸರಕು ಹಂಚುವಾಗ ಐದು ಕಿಲೋದಷ್ಟನ್ನು ಎತ್ತಿಟ್ಟು, ಮಳೆಗಾಲದಲ್ಲಿ ಅದನ್ನು ಬೆಂದ ಮಣ್ಣಿನ ಎರಡು ಕುಂಡಗಳಿಗೆ ಹಾಕಿ ಗಿನಿ ಹುಲ್ಲಿನ ಬೀಜ ಬಿತ್ತಿ, ಜಗಲಿಯ ಬಿಸಿಲು ಬೀಳುವ ಅಂಚಿನಲ್ಲಿ ಬೆಳೆಸಿದರೆ ಮುಂದಿನ ಜನವರಿಗೆ ಬೇಕಾದ ಹೆಪ್ಪು ಮನೆಯಲ್ಲೇ ಇರುತ್ತದೆ.